ಕಾಯ್ದಿಟ್ಟ ಪೀಪಾಯಿಯ ನೀರು

ಸಮುದ್ರವನ್ನು ಒಮ್ಮೆಯೂ ನೋಡದೆ ಮೂರು ವರ್ಷ ಸಮುದ್ರದ ಪಾಠ ಹೇಳಿದವನು ನಾನು. ನಾಗಪುರದ ಒಂದು ಹೈಸ್ಕೂಲಿನಲ್ಲಿ ಭೂಗೋಳದ ಮಾಸ್ತರ. ಹಲಗೆಯ ಮೇಲೆ ಒಂದು ಗೆರೆ ಎಳೆದು, ಈ ಕಡೆ ನೆಲ, ಆ ಕಡೆ ನೀರು ಎಂದು ಬರೆದು, ಹಗಲಿನ ಗಾಳಿಗೆ ಒಂದು ಬಾಣ, ರಾತ್ರಿಯ ಗಾಳಿಗೆ ಇನ್ನೊಂದು ಬಾಣ ಹಾಕಿ, ಎಲ್ಲವನ್ನೂ ಮರಾಠಿಯಲ್ಲಿ ವಿವರಿಸಿ ಕೈ ಝಾಡಿಸಿಕೊಳ್ಳುತ್ತಿದ್ದೆ. ಹತ್ತಿರದ ಸಮುದ್ರಕ್ಕೆ ಹೋಗಬೇಕೆಂದರೂ ಇಡೀ ರಾತ್ರಿ ರೈಲಿನಲ್ಲಿ ಕೂರಬೇಕಾದ ಊರು ಅದು. ನನ್ನ ಬಾಣಗಳು ತಪ್ಪು ಎನ್ನುವವರು ಯಾರೂ ಇರಲಿಲ್ಲ.

ಐವತ್ತರ ದಶಕದ ನಡುವಿನ ಮಾತು. ನಾಗಪುರ ಆಗಿನ್ನೂ ಮಧ್ಯಪ್ರದೇಶದ ರಾಜಧಾನಿ. ಅಪ್ಪ ಹುಬ್ಬಳ್ಳಿಯಿಂದ ವರ್ಗವಾಗಿ ಬಂದ ರೈಲ್ವೆ ನೌಕರ. ಅಜನಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ. ಅಪ್ಪನ ಆಫೀಸಿನಲ್ಲಿ ಕುಂದಾಪುರ ಕಡೆಯ ಗುಮಾಸ್ತರೊಬ್ಬರಿದ್ದರು. ಒಂದು ಭಾನುವಾರ ಚಹಾಕ್ಕೆ ಬಂದವರು ನನ್ನ ಪಾಠದ ವಿವರ ಕೇಳಿ ನಕ್ಕೇಬಿಟ್ಟರು.

"ಗಾಳಿ ನಿಮ್ ಬಾಣದ್ ಹಾಂಗೆ ನೆಟ್ಟಗೆ ಬತ್ತಿಲ್ಲೆ ಮಾಸ್ತರ್ರೆ. ಒಂದ್ ಸಲ ಪತ್ತೆಮಾರಿ ಹತ್ತಿ ಕಾಣಿ, ಮತ್ತೆ ಪಾಠ ಮಾಡಿ."

ಪತ್ತೆಮಾರಿ ಎಂದರೆ ಎರಡು ಕಂಬದ ದೊಡ್ಡ ಹಾಯಿಹಡಗು. ಯಂತ್ರವಿಲ್ಲ, ಗಾಳಿಯೇ ಎಲ್ಲ. ಕರಾವಳಿಯ ಹಂಚು ಆಗ ಅದರಲ್ಲೇ ಮುಂಬಯಿಗೆ ಹೋಗುತ್ತಿತ್ತು. ಅವರು ತಮಾಷೆಗೆ ಅಂದದ್ದನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ದುಂಬಾಲು ಬಿದ್ದು ಅವರಿಂದ ಊರಿಗೆ ಪತ್ರ ಬರೆಸಿದೆ. ಮಳೆಗಾಲಕ್ಕೆ ಮುಂಚಿನ ಕೊನೆಯ ಸವಾರಿಗೆ ಒಬ್ಬ ಆಳು ಕಡಿಮೆಯಿದ್ದಾನೆ, ಖಲಾಸಿಯ ಕೆಲಸ ಮಾಡುವುದಾದರೆ ಬರಲಿ ಎಂದು ಉತ್ತರ ಬಂತು. ಬೇಸಿಗೆ ರಜೆ ಹೇಗೂ ಇತ್ತು.

ಅವ್ವ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಅವಲಕ್ಕಿ, ಬೆಲ್ಲ, ಚಟ್ನಿಪುಡಿ, ಮೆಂತ್ಯದಹಿಟ್ಟು ಎಲ್ಲ ಕಟ್ಟಿ, ಮೇಲೆ ಒಂದು ತಾಮ್ರದ ತಂಬಿಗೆ ಇಟ್ಟಳು.

"ಬಾಕಿ ಏನರ ಮಾಡು. ಅವರ ಕೈ ನೀರು ಮಾತ್ರ ಬ್ಯಾಡಪಾ" ಅಂದಳು.

"ಈಗಿನ ಕಾಲದಾಗ ಅದನ್ನೆಲ್ಲಾ ಯಾರು ನೋಡ್ತಾರವ್ವಾ?"

"ಯಾರೂ ನೋಡೂದು ಬ್ಯಾಡ, ನೀ ನೋಡು. ಆತು ಅಂತ ಒಂದು ಮಾತು ಹೇಳು, ನಾ ಸುಮ್ಮನಾಗ್ತೀನಿ."

ರೈಲಿಗೆ ಹೊತ್ತಾಗುತ್ತಿತ್ತು. "ಆತು" ಅಂದೆ.

ಹುಬ್ಬಳ್ಳಿವರೆಗೆ ರೈಲು, ಅಲ್ಲಿಂದ ಘಟ್ಟ ಇಳಿದು ಬಸ್ಸು, ಮೇಲೊಂದು ದೋಣಿ. ಗಂಗೊಳ್ಳಿಯ ಧಕ್ಕೆಯಲ್ಲಿ, ಎಂದರೆ ಹಡಗು ನಿಲ್ಲುವ ಕಟ್ಟೆಯ ಮೇಲೆ, ಹಡಗಿನ ಯಜಮಾನಿಕೆ ನಡೆಸುವ ತಾಂಡೇಲ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಅರವತ್ತರ ಹತ್ತಿರದ ಮನುಷ್ಯ, ಮೈಯೆಲ್ಲ ಒಣಗಿದ ಹಗ್ಗದಂತೆ. ನನ್ನ ಅಂಗೈ ತಿರುಗಿಸಿ ನೋಡಿದ. ಕೊನೆಗೆ ಒಂದೇ ಪ್ರಶ್ನೆ ಕೇಳಿದ.

"ಹಡಗ್ ಅಂದ್ರೆ ನಮ್ ಪಾತ್ರೆ ಅನ್ನ, ನಮ್ ಕೈ ನೀರ್. ನಿಮ್ಗೆ ಆತ್ತಾ?"

"ನಾನು ಅದನ್ನೆಲ್ಲ ನೋಡುವವನೇ ಅಲ್ಲ. ಮೀನೊಂದು ತಿನ್ನುವುದಿಲ್ಲ, ಅಷ್ಟೆ" ಅಂದೆ. ಸಭೆಯಲ್ಲಿ ಭಾಷಣ ಮಾಡುವವನ ಹಾಗೆ ಅಂದೆ. ಸುತ್ತ ನಿಂತ ಖಲಾಸಿಗಳಿಗೆಲ್ಲ ಕೇಳಿಸಲಿ ಎಂದೇ ಸ್ವಲ್ಪ ಗಟ್ಟಿಯಾಗಿ ಅಂದೆ. ಹಡಗು ಇನ್ನೂ ಲಂಗರು ಎತ್ತಿರಲಿಲ್ಲ, ನಾನಾಗಲೇ ಎರಡು ಕಡೆ ಎರಡು ಮಾತು ಕೊಟ್ಟಾಗಿತ್ತು.

ಹಡಗಿನಲ್ಲಿ ತಾಂಡೇಲನನ್ನೂ ನನ್ನನ್ನೂ ಸೇರಿಸಿ ಹನ್ನೊಂದು ಜನ. ಹೊಟ್ಟೆಯ ತುಂಬ ಹಂಚು. ಹುಲ್ಲು ಹಾಸಿ, ಹಂಚನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ಒಂದಕ್ಕೊಂದು ಒತ್ತಿ ಜೋಡಿಸಿದ್ದರು. ಮಲಗಿಸಿದರೆ ಹಡಗು ಹೊರಳಿದಾಗ ಕೆಳಗಿನ ಸಾಲು ಪುಡಿಯಾಗುತ್ತದಂತೆ. ಬೆಳಗಿನ ಜಾವ ನೆಲದ ಕಡೆಯಿಂದ ಬೀಸುವ ಗಾಳಿ ಹಿಡಿದು ಹೊರಗಿನ ಕಡಲಿಗೆ ಹೋಗಬೇಕು. ಮಧ್ಯಾಹ್ನ ವಾಯುವ್ಯದಿಂದ ಕಡಲಗಾಳಿ ಎದ್ದ ಮೇಲೆ ಹಾಯಿ ತಿರುಗಿಸಿ ದಡದ ಕಡೆ ಓರೆಯಾಗಿ ಬರಬೇಕು. ಹೀಗೆ ಹೊರಗೆ ಒಳಗೆ, ಹೊರಗೆ ಒಳಗೆ ಎಂದು ಅಂಕುಡೊಂಕಾಗಿ ಬಡಗಣಕ್ಕೆ ಹತ್ತುವುದು. ನನ್ನ ಎರಡು ಬಾಣಗಳು ಸುಳ್ಳಾಗಿರಲಿಲ್ಲ. ಆದರೆ ಬಾಣ ಬದಲಾದಾಗ ಎಂಟು ಜನ ಸೇರಿ, ಹಾಯಿ ಕಟ್ಟಿದ ಆ ಮಾರುದ್ದದ ಓರೆಮರವನ್ನು ಕಂಬದ ಈ ಬದಿಯಿಂದ ಆ ಬದಿಗೆ ದಾಟಿಸಬೇಕು ಎಂಬುದು ಯಾವ ಪುಸ್ತಕದಲ್ಲೂ ಇರಲಿಲ್ಲ. ಮೊದಲ ದಿನವೇ ಅಂಗೈ ಚರ್ಮ ಸುಲಿಯಿತು.

ಅಡುಗೆಯವನನ್ನು ಭಂಡಾರಿ ಅನ್ನುತ್ತಾರೆ. ನಮ್ಮ ಭಂಡಾರಿ ನಲವತ್ತರ ಆಸುಪಾಸಿನ ಮೀನುಗಾರರವನು, ಮೆಲುಮಾತಿನವನು. ಅವನ ಕೈಯಲ್ಲಿ ಅಡುಗೆಗಿಂತ ದೊಡ್ಡ ಕೆಲಸವೊಂದಿತ್ತು. ಕುಡಿಯುವ ನೀರು ಅವನ ಸುಪರ್ದಿ. ಎರಡು ಮರದ ಪೀಪಾಯಿ. ಒಂದು ಮೇಲೆ, ದಿನದ ಬಳಕೆಗೆ. ಇನ್ನೊಂದು ಕೆಳಗೆ ಹಿಂಭಾಗದ ಕತ್ತಲಲ್ಲಿ, ಕಾಯ್ದಿಟ್ಟದ್ದು. ಬೆಳಗ್ಗೆ, ಮಧ್ಯಾಹ್ನ, ಸಂಜೆ ಅವನು ತೆಂಗಿನ ಕರಟದ ಸೌಟಿನಲ್ಲಿ ಎಲ್ಲರಿಗೂ ಅಳೆದು ಹೊಯ್ಯುತ್ತಿದ್ದ. ತಾಂಡೇಲನಿಗೂ ಅಷ್ಟೇ, ಹೊಸಬನಿಗೂ ಅಷ್ಟೇ. ತಾನು ಎಲ್ಲರ ನಂತರ ಕುಡಿಯುತ್ತಿದ್ದ. ಆ ಸೌಟನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ನೀರು ಹಾಳು ಮಾಡಿದ ಭಂಡಾರಿಯಿಂದ ಸೌಟು ಕಿತ್ತುಕೊಂಡರೆ ಆಯಿತು, ಆ ಸುದ್ದಿ ಅವನಿಗಿಂತ ಮೊದಲು ಬಂದರುಗಳನ್ನು ಸುತ್ತುತ್ತದೆ. ಮತ್ತೆ ಯಾವ ಹಡಗೂ ಅವನನ್ನು ಭಂಡಾರಿಯಾಗಿ ಹತ್ತಿಸಿಕೊಳ್ಳುವುದಿಲ್ಲ. ಇದನ್ನು ನನಗೆ ಹೇಳಿದವನೂ ಅವನೇ, ಎರಡನೆಯ ದಿನ, ನಾನು ವಾಂತಿ ಮಾಡುತ್ತ ಬಿದ್ದಿದ್ದಾಗ ಪಕ್ಕದಲ್ಲಿ ಕೂತು.

ದಡದಲ್ಲಿ ತುಂಬಿಕೊಂಡಿದ್ದ ತಂಬಿಗೆಯ ನೀರನ್ನೇ ಗುಟುಕರಿಸುತ್ತ ಮೂರು ದಿನ ಕಡಲಬೇನೆಯಲ್ಲಿ ಕಳೆಯಿತು. ನಾಲ್ಕನೆಯ ದಿನ ಹಸಿವು, ಬಾಯಾರಿಕೆ ಎರಡೂ ಒಟ್ಟಿಗೆ ಎದ್ದವು. ಅನ್ನಕ್ಕೆ ಮೀನಿನ ವಾಸನೆಯ ನೆಪ ಹೇಳಿ ಅವಲಕ್ಕಿ ಬೆಲ್ಲ ತಿಂದುಕೊಂಡೆ. ಯಾರೂ ತಪ್ಪು ತಿಳಿಯಲಿಲ್ಲ. ನೀರಿಗೆ ಯಾವ ನೆಪವೂ ಇರಲಿಲ್ಲ. ಧಕ್ಕೆಯ ಮೇಲೆ ಅಷ್ಟು ದೊಡ್ಡ ಮಾತಾಡಿದವನು ಈಗ 'ನಿನ್ನ ಕೈ ನೀರು ಬೇಡ' ಎಂದು ಯಾವ ಬಾಯಲ್ಲಿ ಹೇಳಲಿ? ಭಂಡಾರಿ ಹೊಯ್ದ ನೀರನ್ನು ನಗುನಗುತ್ತ ಒಂದು ಕರಟದಲ್ಲಿ ಹಿಡಿದುಕೊಂಡು, ಮೂಲೆಗೆ ಹೋಗಿ, ಕುಡಿದ ಹಾಗೆ ಮಾಡಿ ಸಮುದ್ರಕ್ಕೆ ಚೆಲ್ಲಿದೆ. ಸುತ್ತ ಹತ್ತು ಜನರ ಬಾಯಿ ಉಪ್ಪುಗಟ್ಟಿದ ಜಾಗದಲ್ಲಿ, ಅಳೆದು ಕೊಟ್ಟ ಸಿಹಿನೀರನ್ನು ಚೆಲ್ಲಿದೆ. ಇದನ್ನು ಬರೆಯುವಾಗ ಈಗಲೂ ಮೈ ಹಿಡಿಯಾಗುತ್ತದೆ.

ಹಡಗಿನ ತಳದಲ್ಲಿ ದಿನವೂ ಒಂದಿಷ್ಟು ನೀರು ಜಿನುಗಿ ಸೇರುತ್ತದೆ. ಅದನ್ನು ಬೆಳಕು ಹರಿಯುವ ಮುನ್ನ ಎತ್ತಿ ಹೊರಗೆ ಹಾಕುವುದು ಹೊಸಬನ ಕೆಲಸ. ಡಬ್ಬಿಯಿಂದ ಮೊಗೆದು ಬಕೆಟ್ಟಿಗೆ ತುಂಬಿದರೆ ಮೇಲಿನವನೊಬ್ಬ ಹಗ್ಗದಿಂದ ಎಳೆದುಕೊಳ್ಳುತ್ತಾನೆ. ಕೆಳಗೆ ನಾನೊಬ್ಬನೇ. ಕೈಗೆಟುಕುವಷ್ಟು ಹತ್ತಿರದಲ್ಲಿ ಕಾಯ್ದಿಟ್ಟ ಪೀಪಾಯಿ. ಇನ್ನೂ ಯಾರ ಸೌಟೂ ಮುಳುಗದ ನೀರು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದನ್ನು ಬಾವಿಯಿಂದ ಸೇದಿ, ಹೊತ್ತು ತಂದು ತುಂಬಿಸಿದವರೂ ಇದೇ ಜನ ಎಂಬುದು ಹೊಳೆಯಲಿಲ್ಲವೇ? ಹೊಳೆಯಿತು. ಹೊಳೆದದ್ದನ್ನು ಪಕ್ಕಕ್ಕಿಟ್ಟೆ.

ಪೀಪಾಯಿಯ ಕೆಳಗಿನ ತೂತಿಗೆ ಮರದ ಬಿರಡೆ. ಒದ್ದೆ ಬಟ್ಟೆ ಸುತ್ತಿ, ಕೊಡತಿಯಿಂದ ಬಡಿದು ಕೂರಿಸಿದ್ದು. ಅದನ್ನು ಅಲ್ಲಾಡಿಸಿ ಅಲ್ಲಾಡಿಸಿ ಕಿತ್ತು, ತಂಬಿಗೆ ತುಂಬಿಕೊಂಡು, ಮತ್ತೆ ತುರುಕಿದೆ. ಕೊಡತಿಯಿಂದ ಬಡಿದರೆ ಮೇಲೆ ಸದ್ದು ಕೇಳುತ್ತಿತ್ತು. ಅಂಗೈಯಿಂದ ಒತ್ತಿದೆ, ಹಿಮ್ಮಡಿಯಿಂದ ಒಮ್ಮೆ ಒದ್ದೆ. ಬಟ್ಟೆ ಮಡಚಿಕೊಂಡಿತ್ತು, ನೋಡಲಿಲ್ಲ. ಹಲಗೆ ಕಡೆ ಮುಖ ಮಾಡಿ ಗಟಗಟನೆ ಕುಡಿದೆ. ಆರು ದಿನ ಹೀಗೇ ನಡೆಯಿತು.

ಆ ಆರು ದಿನಗಳಲ್ಲಿ ನನಗೆ ಒಳ್ಳೆಯ ಹೆಸರು ಬಂತು. ತಳದ ನೀರು ದಿನದಿಂದ ದಿನಕ್ಕೆ ಹೆಚ್ಚುತ್ತಿತ್ತು. ಮೊದಲು ಹತ್ತು ಬಕೆಟ್ಟು ಎತ್ತುತ್ತಿದ್ದವನು ಹದಿನೈದು ಎತ್ತಿದೆ, ಇಪ್ಪತ್ತು ಎತ್ತಿದೆ. "ಮಾಸ್ತರ್ರು ಗಟ್ಟಿಗರ್ ಮರಾಯ್ರೆ" ಎಂದು ಖಲಾಸಿಗಳು ಹುರಿದುಂಬಿಸಿದರು. ನಾನು ಎದೆಯುಬ್ಬಿಸಿ ಇನ್ನೆರಡು ಬಕೆಟ್ಟು ಹೆಚ್ಚು ಎತ್ತಿದೆ. ತಾಂಡೇಲನ ಹಣೆ ಮಾತ್ರ ಗಂಟಾಯಿತು. ಹಡಗು ಎಲ್ಲೋ ಬಿರುಕು ಬಿಟ್ಟಿದೆ ಎಂದು ಹಲಗೆಗಳ ಸಂದಿಯನ್ನೆಲ್ಲ ತಡಕಿ, ಅನುಮಾನ ಬಂದಲ್ಲೆಲ್ಲ ಹತ್ತಿ ತುರುಕಿ ರಾಳ ಬಳಿಸಿದ. ಎರಡು ದಿನ ಎಲ್ಲರ ನಿದ್ದೆಗೆಟ್ಟಿತು. ಆದರೂ ತಳದ ನೀರು ಇಳಿಯಲಿಲ್ಲ.

ಹತ್ತನೆಯ ದಿನ, ಕೊಂಕಣದ ಮಾಲವಣ ಬಂದರು ದಾಟಿ ಹೊರಗಡಲಿನಲ್ಲಿದ್ದಾಗ, ಮೇಲಿನ ಪೀಪಾಯಿ ತಳ ಕಂಡಿತು. ಕಾಯ್ದಿಟ್ಟದ್ದನ್ನು ತೆರೆಯಲು ಭಂಡಾರಿ ಕೆಳಗಿಳಿದ. ಅವನು ಪೀಪಾಯಿಯನ್ನು ಬೆರಳಗಂಟಿನಿಂದ ತಟ್ಟಿದ ಸದ್ದು ನನಗೆ ಮೇಲೆ ಕೇಳಿಸಿತು. ಡೊಳ್ಳಿನ ಹಾಗೆ ಪೊಳ್ಳು ಸದ್ದು. ಅವನು ಮತ್ತೊಮ್ಮೆ ತಟ್ಟಿದ. ಆಮೇಲೆ ತಾಂಡೇಲನನ್ನು ಕೂಗಿದ.

ತಾಂಡೇಲ ಇಳಿದುಹೋದ. ತಳದ ನೀರಿನಲ್ಲಿ ಬೆರಳದ್ದಿ ನಾಲಗೆಗೆ ಮುಟ್ಟಿಸಿದ. ಮೇಲೆ ಬಂದವನ ಕೈಯಲ್ಲಿ ಬಿರಡೆಯಿತ್ತು, ಬಟ್ಟೆ ಅರ್ಧ ಜೋತಾಡುತ್ತಿತ್ತು.

"ತಳದ್ ನೀರ್ ಬರೀ ಉಪ್ಪಲ್ಲ. ನಾವ್ ಕುಡಿಯೂ ನೀರನ್ನೇ ದಿನಾ ಎತ್ತಿ ಕಡಲಿಗ್ ಹೊಯ್ದದ್ದ್" ಅಂದ. ಆಮೇಲೆ ಭಂಡಾರಿಯ ಕಡೆ ತಿರುಗಿದ. "ಬಿರಡೆ ಕೂರ್ಸದ್ ಯಾರ್?"

"ನಾನೇ. ಬಡ್ದೇ ಕೂರ್ಸಿದ್ದೆ."

"ಬಡ್ದ್ ಕೂರ್ಸಿರೆ ಹೀಂಗ್ ಬತ್ತಾ?"

ಭಂಡಾರಿ ಬಿರಡೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದ. ತನ್ನ ಕೈಕೆಲಸದ ಮೇಲೆ ತನಗೇ ಅನುಮಾನ ಬಂದವನ ಹಾಗೆ ನೋಡಿದ. "ಗೊತ್ತಾತಿಲ್ಲೆ" ಅಂದ, ಅಷ್ಟೆ. ನಾನು ಮೂರು ಮಾರು ದೂರದಲ್ಲಿ ಹಗ್ಗ ಸುತ್ತುತ್ತ ಕೂತಿದ್ದೆ. ಸುತ್ತಿ ಮುಗಿದ ಹಗ್ಗವನ್ನು ಬಿಚ್ಚಿ ಮತ್ತೆ ಸುತ್ತಿದೆ. ಬಾಯಿಗೆ ಬೀಗ ಬಿದ್ದಿತ್ತು ಎಂದು ಹೇಳಿ ತಪ್ಪಿಸಿಕೊಳ್ಳುವುದಿಲ್ಲ. ಬೀಗ ಹಾಕಿದವನೂ ನಾನೇ, ಕೀಲಿ ಇದ್ದದ್ದೂ ನನ್ನ ಹತ್ತಿರವೇ.

ಆ ದಿನವೇ ಗಾಳಿ ಸತ್ತಿತು. ಹಾಯಿ ಒಣಗಲು ಹಾಕಿದ ಸೀರೆಯಂತೆ ಜೋತುಬಿತ್ತು. ದಡ ಕಣ್ಣಿಗೆ ಕಾಣುತ್ತಿತ್ತು, ಆದರೆ ಹಂಚು ತುಂಬಿದ ಹಡಗನ್ನು ಹುಟ್ಟು ಹಾಕಿ ಒಯ್ಯಲಾಗದು. ಇದ್ದಬದ್ದ ನೀರನ್ನು ಭಂಡಾರಿ ಅರ್ಧ ಸೌಟಿನಂತೆ ಹಂಚಿದ. ನಾನು ನನ್ನ ಪಾಲು ಹಿಡಿದುಕೊಂಡೆ. ಈ ಸಲ ಚೆಲ್ಲಲಿಲ್ಲ, ಕುಡಿಯಲೂ ಇಲ್ಲ; ಬೇಡವೆಂದು ಪಕ್ಕದವನಿಗೆ ಕೊಟ್ಟೆ. ಅವನು ನನ್ನನ್ನು ಮಹಾತ್ಯಾಗಿಯಂತೆ ನೋಡಿದ. ಅವ್ವನಿಗೆ ಕೊಟ್ಟ ಮಾತನ್ನು ಹೀಗಾದರೂ ಉಳಿಸಿಕೊಳ್ಳುತ್ತಿದ್ದೇನೆ ಎಂಬ ಒಣ ಜಂಬ ಆಗಲೂ ಒಳಗೆಲ್ಲೋ ಇತ್ತು.

ಮಾರನೆಯ ಮಧ್ಯಾಹ್ನ ಬಿಸಿಲಿಗೆ ಹಲಗೆಯ ಮೇಲೆ ಕಾಲಿಡಲಾಗುತ್ತಿರಲಿಲ್ಲ. ನಾಗಪುರದ ಬಿಸಿಲು ಕಂಡವನು ನಾನು ಎಂದು ಬೀಗಿದ್ದೆ. ನಾಗಪುರದಲ್ಲಿ ಮೂಲೆಮೂಲೆಗೂ ತಣ್ಣನೆಯ ಮಡಕೆ ಇರುತ್ತದೆ, ಅದನ್ನು ಮರೆತಿದ್ದೆ. ನಿಂತಲ್ಲೇ ಕಣ್ಣು ಕತ್ತಲಿಟ್ಟು ಬಿದ್ದೆ. ಎಚ್ಚರವಾದಾಗ ತಲೆ ಭಂಡಾರಿಯ ತೊಡೆಯ ಮೇಲಿತ್ತು. ಅವನು ತನ್ನ ಪಾಲಿನ ನೀರನ್ನು ಕುಡಿಯದೆ ಒಂದು ಕರಟದಲ್ಲಿ ಮುಚ್ಚಿಟ್ಟುಕೊಂಡಿದ್ದ. ಅದರಲ್ಲಿ ಎರಡು ಬೆರಳು ಅದ್ದಿ ನನ್ನ ತುಟಿ ಒರೆಸಿದ. ನಂತರ ಕರಟವನ್ನೇ ಬಾಯಿಗೆ ಹಿಡಿದ.

"ಮೆಲ್ಲ ಕುಡೀನಿ. ಒಂದೇ ಸಲ ನುಂಗ್ಬೇಡಿ."

ನಾನು ಕುಡಿದೆ. ಮಡಿ, ಮಾತು, ತಾಮ್ರದ ತಂಬಿಗೆ ಯಾವುದೂ ನೆನಪಾಗಲಿಲ್ಲ. ನೆನಪಾಗಿದ್ದರೂ ಕುಡಿಯುತ್ತಿದ್ದೆ. ಅವನ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದುಕೊಂಡು, "ಇನ್ನೊಂದು ಗುಟುಕು" ಎಂದು ಬೇಡಿದೆ. ಅವನು ಕರಟದೊಳಗೆ ನೋಡಿ, ಇದ್ದದ್ದನ್ನೆಲ್ಲ ನನ್ನ ಬಾಯಿಗೆ ಬಗ್ಗಿಸಿದ. ಅದರಷ್ಟು ರುಚಿಯಾದ ನೀರನ್ನು ಆಮೇಲೆ ಎಲ್ಲೂ ಕುಡಿದಿಲ್ಲ. ಅಷ್ಟಾದರೂ ನಿಜ ಹೇಳಲಿಲ್ಲ.

ಸಂಜೆ ಹೊತ್ತಿಗೆ ಕಡಲಗಾಳಿ ಎದ್ದಿತು. ಮುಂಬಯಿಯ ದಾರಿ ಬಿಟ್ಟು ತಾಂಡೇಲ ಹಡಗನ್ನು ಕಡಲು ನೆಲದೊಳಗೆ ಚಾಚಿದ ಒಂದು ಸಣ್ಣ ಖಾಡಿಯೊಳಗೆ ತಂದು ಲಂಗರು ಹಾಕಿದ. ಬೆಳಗ್ಗೆ ನೀರು ತರಲು ಮರಾಠಿ ಬಲ್ಲವನೆಂದು ನನ್ನನ್ನೇ ದೋಣಿಯಲ್ಲಿ ಮುಂದೆ ಕೂರಿಸಿದರು. ಬಾವಿಯ ಹತ್ತಿರ ಒಬ್ಬ ಮುದುಕ ನಮ್ಮನ್ನು ತಡೆದು, ನಾನು ಯಾರವನು ಎಂದು ಕೇಳಿದ. ಹೇಳಿದೆ. ಅವನು ಹಗ್ಗ ನನ್ನ ಕೈಗೆ ಕೊಟ್ಟು, ಉಳಿದವರಿಗೆ ಅಲ್ಲೇ ದೂರ ನಿಲ್ಲಿ ಎಂದು ಸನ್ನೆ ಮಾಡಿದ. ನಾನು ಸೇದಿ ಸೇದಿ ಸುರಿದೆ. ಭಂಡಾರಿ ಕೊಡ ಹಿಡಿದು ದೂರದಿಂದ ಬಂದು ತುಂಬಿಸಿಕೊಂಡು ಹೋದ. ಎರಡು ಪೀಪಾಯಿ ತುಂಬುವ ತನಕ ಹೀಗೇ ನಡೆಯಿತು.

ಹಡಗಿಗೆ ಮರಳಿದ ಮೇಲೆ ತಾಂಡೇಲ ಎಲ್ಲರನ್ನೂ ಕರೆದ. ಭಂಡಾರಿ ತಾನಾಗಿಯೇ ಸೌಟು ತಂದು ಅವನ ಕಾಲ ಬಳಿ ಇಟ್ಟ. ತಾಂಡೇಲ ಅದನ್ನೆತ್ತಿ ನನಗೆ ಚಾಚಿದ.

"ಇವತ್ತಿಂದ ನೀರ್ ನೀವೇ ಹೊಯ್ಕ್ ಮಾಸ್ತರ್ರೆ. ತಳದ್ ನೀರ್ ಎತ್ತೂಕೆ ಹಗಲ್ ಇರುಳ್ ದುಡ್ದದ್ದ್ ನೀವ್. ಇವ ಅಡ್ಗೆ ಮಾಡ್ಲಿ, ಮುಂಬಯಿಯಲ್ ಇಳ್ಕಂಡ್ ಹೋಗ್ಲಿ."

ಆಗಲಾದರೂ ಹೇಳಬಹುದಿತ್ತು. ಸೌಟನ್ನು ತೆಗೆದುಕೊಂಡೆ. ಆ ದಿನ ಮಧ್ಯಾಹ್ನ, ಸಂಜೆ ಎಲ್ಲರಿಗೂ ನಾನೇ ಹೊಯ್ದೆ. ಸೌಟು ಓರೆಯಾಗಿ ಚೆಲ್ಲಿದರೆ, ಹೊಸಬ ಪಾಪ ಎಂದು ಸುಮ್ಮನಾದರು. ಅಭ್ಯಾಸಬಲದಿಂದ ಭಂಡಾರಿ ಎಲ್ಲರ ಕೊನೆಗೆ ಬರುತ್ತಿದ್ದ.

ಮರುದಿನ ಬೆಳಗ್ಗೆ ಅವನು ಬಂದು ನನ್ನ ಮುಂದೆ ಬೊಗಸೆ ಒಡ್ಡಿದ. ನಾನು ಸೌಟನ್ನು ಅವನ ಕೈ ಹತ್ತಿರಕ್ಕೆ ತಂದೆ. ಅವನು ಬೊಗಸೆಯನ್ನು ಒಂದು ಗೇಣು ಕೆಳಗಿಳಿಸಿಕೊಂಡ.

"ಎತ್ತರದಿಂದ ಹೊಯ್ಯಿನಿ. ತಾಗೂದ್ ಬ್ಯಾಡ" ಅಂದ. ಕುಟುಕಿ ಅಂದದ್ದಲ್ಲ. ನನಗೆ ತೊಂದರೆಯಾಗದಿರಲಿ ಎಂದೇ ಅಂದದ್ದು.

ಅಂದರೆ ಬಾವಿಯ ಹತ್ತಿರ ಅವನು ಎಲ್ಲವನ್ನೂ ನೋಡಿದ್ದ. ನಾನು ಯಾರವನೆಂದು ಹೇಳಿದ್ದನ್ನೂ ಕೇಳಿಸಿಕೊಂಡಿದ್ದ. ಎರಡು ದಿನದ ಹಿಂದೆ ತನ್ನ ತೊಡೆಯ ಮೇಲೆ ಮಲಗಿಸಿಕೊಂಡು ಬಾಯಿಗೆ ನೀರು ಹಾಕಿದವನು, ಈಗ ನನ್ನ ಮಡಿಯನ್ನು ತಾನು ಕಾಯುತ್ತಿದ್ದ. ನೆಲ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡುವ ಅನ್ನಿಸಿತು. ಅಲ್ಲಿ ನೆಲವೂ ಇರಲಿಲ್ಲ. ಸೌಟನ್ನು ಪೀಪಾಯಿಯ ಮೇಲಿಟ್ಟು ತಾಂಡೇಲನ ಹತ್ತಿರ ಹೋದೆ. ಅವನು ಚುಕ್ಕಾಣಿ ಹಿಡಿದು ಕೂತಿದ್ದ.

"ಬಿರಡೆ ಕಿತ್ತವನು ನಾನು" ಅಂದೆ.

ಅವನು ಹಾಯಿಯ ಮೇಲಿನ ಕಣ್ಣು ತೆಗೆಯದೆ, "ಎಲ್ಲರ್ ಎದ್ರು ಹೇಳಿ" ಅಂದ.

ಎಲ್ಲರೆದುರು ಹೇಳಿದೆ. ದಿನವೂ ಒಂದು ತಂಬಿಗೆ ಕದ್ದದ್ದು, ಸದ್ದಾಗುತ್ತದೆಂದು ಕೊಡತಿ ಮುಟ್ಟದಿದ್ದದ್ದು, ಮೊದಲು ಅವರು ಕೊಟ್ಟ ನೀರನ್ನು ಕಡಲಿಗೆ ಚೆಲ್ಲಿದ್ದು. ಖಲಾಸಿಯೊಬ್ಬ ನನ್ನ ಮೇಲೆ ಕೈ ಎತ್ತಿಕೊಂಡು ಬಂದ, ಇನ್ನೊಬ್ಬ ಹಿಡಿದ. ತಾಂಡೇಲ ಕೇಳಿದ: "ಬಾಯಾರ್ರೆ ಇವನ್ ಹತ್ರ ಕೇಂಬುಕೆ ಏನಾಯ್ತ್? ಕದ್ದದ್ದ್ ಎಂತಕ್ಕೆ?"

ಕದ್ದೆ ಎನ್ನುವುದು ಸುಲಭವಾಗಿತ್ತು. ಯಾಕೆ ಎನ್ನುವುದು ಸುಲಭವಾಗಿರಲಿಲ್ಲ. ಕೊನೆಗೆ ಉತ್ತರ ಕೊಟ್ಟವನು ಭಂಡಾರಿ.

"ಅವ್ರಿಗ್ ನನ್ ಕೈ ನೀರ್ ಆತಿಲ್ಲೆ. ಅಷ್ಟೇ ಸೈ." ಆಮೇಲೆ ನನ್ನ ಕಡೆ ನೋಡಿ ಅಂದ: "ಒಂದ್ ಮಾತ್ ಹೇಳಿರೆ ಸಾಕಿತ್ತಲ್ಲ ಮಾಸ್ತರ್ರೆ. ನಿಮ್ಗ್ ಬೇರೆ ಕೊಡ ಇಡ್ತಿದ್ದೆ. ನಾನ್ ಮುಟ್ತಿರ್ಲಿಲ್ಲೆ."

ಅವನು ಬೈದಿದ್ದರೆ, ಆ ಖಲಾಸಿಯ ಪೆಟ್ಟು ಬಿದ್ದಿದ್ದರೆ ನನಗೆ ಹಗುರಾಗುತ್ತಿತ್ತು. ಅದೊಂದು ಉಪಕಾರವನ್ನೂ ಯಾರೂ ಮಾಡಲಿಲ್ಲ. ತಾಂಡೇಲ 'ಸೌಟ್ ಅವಂಗ್ ಕೊಡಿ' ಎಂದು ನನ್ನ ಕೈಯಿಂದಲೇ ಕೊಡಿಸಿದ. ಆಮೇಲೆ ಕಾಯ್ದಿಟ್ಟ ಪೀಪಾಯಿಯ ಬಳಿ ಕೂರಿಸಿ, ಬಿರಡೆಗೆ ಬಟ್ಟೆ ಸುತ್ತುವುದನ್ನು ಭಂಡಾರಿಯಿಂದ ಹೇಳಿಕೊಡಿಸಿದ. ಬಟ್ಟೆಯ ತುದಿ ಒಳಗೆ ಸಿಕ್ಕಬೇಕು, ಸುತ್ತು ಒಂದೇ ಕಡೆಗೆ ಹೋಗಬೇಕು, ಕೊಡತಿಯ ಪೆಟ್ಟು ನಡುವೆ ಬೀಳಬೇಕು. ಮೂರು ಸಲ ತಪ್ಪಿ ನಾಲ್ಕನೆಯ ಸಲ ಸರಿಯಾಯಿತು. ಮುಂಬಯಿ ಮುಟ್ಟುವ ತನಕ ಇನ್ನೂ ಆರು ದಿನ ಹಿಡಿಯಿತು. ತಳದ ನೀರು ಹತ್ತು ಬಕೆಟ್ಟಿಗಿಂತ ಮೇಲೆ ಏರಲಿಲ್ಲ. ಆ ಆರು ದಿನವೂ ಎಲ್ಲರೊಡನೆ ಭಂಡಾರಿಯ ಕೈ ನೀರನ್ನೇ ಕುಡಿದೆ. ಅವನು ಮಾತ್ರ ಎತ್ತರದಿಂದ ಹೊಯ್ಯುವುದನ್ನು ಬಿಡಲಿಲ್ಲ.

ಇಳಿಯುವಾಗ ಅವನ ಕಾಲು ಮುಟ್ಟಲು ಬಗ್ಗಿದೆ. ಅವನು ಗಾಬರಿಯಾಗಿ ಹಿಂದಕ್ಕೆ ಸರಿದ. "ಬಿಡಿ ಮರಾಯ್ರೆ. ನೀರ್ ಹೋಯ್ತ್, ಮತ್ತೆ ಬಂತ್" ಅಂದ. ಅವನ ಕೆಲಸ ಉಳಿಯಿತು. ಅದೊಂದು ನೆಮ್ಮದಿಯಿಟ್ಟುಕೊಂಡು ನಾಗಪುರದ ರೈಲು ಹತ್ತಿದೆ.

ಅಜನಿಯ ಕ್ವಾರ್ಟರ್ಸಿನ ಕನ್ನಡದವರೆಲ್ಲ ಸೇರಿ ಪ್ರತಿವರ್ಷ ಗಣಪತಿ ಇಡುತ್ತಿದ್ದೆವು. ಆ ವರ್ಷ ಒಂದು ಸಂಜೆ ನನ್ನ ಹಡಗಿನ ಅನುಭವ ಹೇಳಬೇಕೆಂದು ಗೊತ್ತುಮಾಡಿದರು. ಶಾಮಿಯಾನ, ಬಾಡಿಗೆಯ ಖುರ್ಚಿ, ಮುಂದಿನ ಸಾಲಿನ ಜಮಖಾನೆಯ ಮೇಲೆ ಹೆಂಗಸರು. ಅವರ ನಡುವೆ ಅವ್ವ. ಅಪ್ಪನ ಆಫೀಸಿನ ಕುಂದಾಪುರದ ಗುಮಾಸ್ತರು ಹಿಂದಿನ ಸಾಲಿನಲ್ಲಿದ್ದರು. ನಾನು ಗಟ್ಟಿ ಮನಸ್ಸು ಮಾಡಿಕೊಂಡು ಹೋಗಿದ್ದೆ. ಗಾಳಿಯ ವಿಷಯ, ಹಂಚು ಜೋಡಿಸುವ ವಿಷಯ ಹೇಳಿ, ಬಿರಡೆಗೆ ಬಂದೆ. ಮುಚ್ಚಿಡಲಿಲ್ಲ. ಮಡಿಗಾಗಿ ನೀರು ಕದ್ದೆ, ಇನ್ನೊಬ್ಬನ ಮೇಲೆ ತಪ್ಪು ಬಿದ್ದಾಗ ಸುಮ್ಮನಿದ್ದೆ, ಕೊನೆಗೆ ಒಪ್ಪಿಕೊಂಡೆ ಎಂದೆ. ಎದೆ ಹಗುರಾಗುತ್ತಿತ್ತು.

ಆಗ ಅಧ್ಯಕ್ಷತೆ ವಹಿಸಿದ್ದ ಹಿರಿಯರು ಖುರ್ಚಿಯಲ್ಲೇ ಮುಂದಕ್ಕೆ ಬಾಗಿ, ಪ್ರೀತಿಯಿಂದಲೇ ಕೇಳಿದರು: "ಬರೋಬರ್ ಅದ ತಮ್ಮಾ. ತಪ್ಪು ಒಪ್ಪಿಕೊಂಡಿ, ಛಲೋ ಆತು. ಆದರ ಆ ನೀರಿಲ್ಲದ ಎರಡು ದಿನಾ ಏನ್ ಮಾಡಿದಿ? ಕಡೀಕ ಯಾರ ಕೈಲೆ ಕುಡದಿ?"

ಶಾಮಿಯಾನದಲ್ಲಿ ಎಲ್ಲರೂ ನನ್ನ ಬಾಯಿ ನೋಡಿದರು. ಅವ್ವ ಮಾತ್ರ ನೆಲ ನೋಡುತ್ತಿದ್ದಳು. ಅವಳ ಬೆರಳು ಸೆರಗಿನ ತುದಿಯನ್ನು ಸುತ್ತುತ್ತಿತ್ತು. ಉತ್ತರ ನನಗೆ ಗೊತ್ತಿತ್ತು, ನಾಲಗೆಯ ತುದಿಯಲ್ಲೇ ಇತ್ತು. ಆ ಮನುಷ್ಯನ ಮಣಿಕಟ್ಟು ಹಿಡಿದುಕೊಂಡು ಬೇಡಿ ಕುಡಿದೆ ಎಂದು ಹೇಳಿದರೆ ಮುಗಿಯುತ್ತಿತ್ತು.

"ಕುಡೀಲಿಲ್ರಿ" ಅಂದೆ. "ತಡಕೊಂಡೆ."

ಚಪ್ಪಾಳೆ ಬಿತ್ತು. ಅಲ್ಲಿಯವರೆಗೆ ಬೀಳದಿದ್ದ ಚಪ್ಪಾಳೆ. ಅವ್ವ ತಲೆಯೆತ್ತಿ ನನ್ನನ್ನು ನೋಡಿದಳು, ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಿಂದಿನ ಸಾಲಿನಲ್ಲಿ ಕುಂದಾಪುರದ ಗುಮಾಸ್ತರು ಎದ್ದು ಚಪ್ಪಲಿ ಹುಡುಕುತ್ತಿದ್ದರು. ಚಪ್ಪಾಳೆ ನಿಲ್ಲುವ ತನಕ ನಾನು ಎಲ್ಲರಿಗೂ ಕೈಮುಗಿದುಕೊಂಡು ನಿಂತಿದ್ದೆ.